ಜ್ಯೂರಿ ತೀರ್ಪಿನ ಮೇಲೆ ಅಪೀಲು: ಹೊಸ ಸಾಕ್ಷ್ಯ ಎಲ್ಲಿ ಕೊಡಬೇಕು?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನನ್ನ ತಮ್ಮ ಫೆಲನಿ (ಗಂಭೀರ ಅಪರಾಧ) ಕೇಸಿನಲ್ಲಿ ತಪ್ಪಿತಸ್ಥ ಎಂದು ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ) ಹೇಳಿದೆ. ಶಿಕ್ಷೆ ಮುಂದಿನ ತಿಂಗಳು. ಮುಖ್ಯ ಸಾಕ್ಷಿ ಸುಳ್ಳು ಹೇಳಿದ್ದಾನೆಂದು ತೋರಿಸುವ ವಾಟ್ಸಾಪ್ ಮೆಸೇಜುಗಳು ಈಗ ಸಿಕ್ಕಿವೆ. ಅಪೀಲಿನಲ್ಲಿ ಕೊಟ್ಟರೆ ಸಾಕೇ?

ಉತ್ತರ: ಸಾಲದು. ನಮ್ಮ ಹೈಕೋರ್ಟು ಅಪೀಲಿನಲ್ಲಿ ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡುತ್ತದೆ; ಅಲ್ಲಿ ಹಾಗಲ್ಲ. ಯಾರ ಮಾತು ನಂಬಬೇಕೆಂಬುದು ಜ್ಯೂರಿಗೆ ಬಿಟ್ಟದ್ದು. ಅಪೀಲು ಕೋರ್ಟಿನ ಮೂವರು ನ್ಯಾಯಾಧೀಶರು ವಿಚಾರಣೆಯ ದಾಖಲೆಯಲ್ಲಿ ಕಾನೂನಿನ ತಪ್ಪು ಹುಡುಕುತ್ತಾರೆ. ದಾಖಲೆಯಲ್ಲಿಲ್ಲದ ಮೆಸೇಜು ಅವರ ಮುಂದೆ ಬರುವುದೇ ಇಲ್ಲ.

ಆದರೆ ಶಿಕ್ಷೆ ಇನ್ನೂ ಪ್ರಕಟವಾಗಿಲ್ಲವಲ್ಲ, ಅದೇ ನಿಮಗಿರುವ ಅವಕಾಶ. ಮರುವಿಚಾರಣೆ ಕೋರಿ ಅದೇ ನ್ಯಾಯಾಧೀಶರಿಗೆ ಈಗಲೇ ಅರ್ಜಿ ಹಾಕಿಸಿ. ಎಷ್ಟು ಹುಡುಕಿದ್ದರೂ ಈ ಮೆಸೇಜು ವಿಚಾರಣೆ ವೇಳೆ ಸಿಗುತ್ತಿರಲಿಲ್ಲ ಎಂದು ಅಫಿಡವಿಟ್ ಸಮೇತ ತೋರಿಸಬೇಕು. ತಮ್ಮನ ಫೋನಿನಲ್ಲೇ ಇದ್ದು ವಕೀಲರು ಬಳಸದೆ ಬಿಟ್ಟಿದ್ದರೆ ದಾರಿ ಬೇರೆ: ವಕೀಲರ ವೈಫಲ್ಯವನ್ನು ಮುಂದಿಟ್ಟು ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನವೇ ಕಾನೂನುಬಾಹಿರ ಎಂದು ಪ್ರಶ್ನಿಸುವ ಪ್ರತ್ಯೇಕ ಅರ್ಜಿ.

ಅಪೀಲು ಹಾಕುತ್ತೇವೆಂದು ಕೋರ್ಟಿಗೆ ತಿಳಿಸುವ ನೋಟಿಸಿಗೆ 60 ದಿನ. ಲೆಕ್ಕ ಶಿಕ್ಷೆ ಪ್ರಕಟವಾದ ದಿನದಿಂದ, ಜ್ಯೂರಿ ತೀರ್ಪಿನ ದಿನದಿಂದಲ್ಲ. ಸಿಆರ್-120 ನಮೂನೆ ತುಂಬಿ ವಿಚಾರಣೆ ನಡೆದ ಸುಪೀರಿಯರ್ ಕೋರ್ಟಿನಲ್ಲೇ ಕೊಡಬೇಕು. ಶುಲ್ಕವಿಲ್ಲ. ಗಡುವು ತಪ್ಪಿದರೆ ಬಾಗಿಲು ಬಹುತೇಕ ಮುಚ್ಚಿದಂತೆಯೇ, ಹಾಗಾಗಿ ವಕೀಲರು ಹಾಕಿದ್ದಾರೆಂದು ನಂಬಿ ಕೂರದೆ ಸೀಲು ಬಿದ್ದ ಪ್ರತಿ ಕೇಳಿ ಪಡೆಯಿರಿ. ಹಣವಿಲ್ಲದವರಿಗೆ ಕೋರ್ಟೇ ಅಪೀಲು ವಕೀಲರನ್ನು ನೇಮಿಸುತ್ತದೆ.

ಹೆಚ್ಚಿನ ಅಪೀಲುಗಳು ಸೋಲುವುದು ಎರಡು ಕಡೆ. ಒಂದು, ವಿಚಾರಣೆ ವೇಳೆ ವಕೀಲರು ಆಕ್ಷೇಪ ಎತ್ತದ ತಪ್ಪನ್ನು ಅಪೀಲಿನಲ್ಲಿ ಎತ್ತಲು ಸಾಮಾನ್ಯವಾಗಿ ಬಿಡುವುದಿಲ್ಲ. ಇನ್ನೊಂದು, ತಪ್ಪಾಗಿದೆ ಎಂದರೂ ಕೋರ್ಟು 'ಅದರಿಂದ ಫಲಿತಾಂಶ ಬದಲಾಗುತ್ತಿತ್ತೇ' ಎಂದು ಕೇಳುತ್ತದೆ. ರಾಜ್ಯ ಕಾನೂನಿನ ತಪ್ಪಾದರೆ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ 1956ರ ವಾಟ್ಸನ್ ತೀರ್ಪಿನಂತೆ, ಬದಲಾಗುವ ಸಂಭವವಿತ್ತೆಂದು ನೀವೇ ತೋರಿಸಬೇಕು. ಅಮೆರಿಕದ ಸಂವಿಧಾನದ ಹಕ್ಕಿಗೆ ಪೆಟ್ಟು ಬಿದ್ದಿದ್ದರೆ ಅಮೆರಿಕದ ಸುಪ್ರೀಂ ಕೋರ್ಟಿನ 1967ರ ಚಾಪ್ಮನ್ ತೀರ್ಪು ಆ ಹೊರೆಯನ್ನು ಸರ್ಕಾರದ ಮೇಲೆ ಹಾಕುತ್ತದೆ: ತಪ್ಪಿನಿಂದ ಏನೂ ಕೆಡಲಿಲ್ಲವೆಂದು ಸಂಶಯಕ್ಕೆಡೆಯಿಲ್ಲದಂತೆ ಅವರು ಸಾಬೀತುಮಾಡಬೇಕು. ಒಂದೇ ತಪ್ಪನ್ನು ಯಾವ ಹೆಸರಿನಲ್ಲಿ ವಾದಿಸುತ್ತಾರೆ ಎಂಬುದರ ಮೇಲೆಯೇ ಕೇಸು ನಿಲ್ಲುವುದುಂಟು.

ಗೆದ್ದರೂ ಸಾಮಾನ್ಯವಾಗಿ ಸಿಗುವುದು ಮರುವಿಚಾರಣೆ, ಬಿಡುಗಡೆಯಲ್ಲ. ಸಾಕ್ಷ್ಯವೇ ಸಾಲದು ಎಂದು ಗೆದ್ದರೆ ಮಾತ್ರ ಮತ್ತೆ ವಿಚಾರಣೆಗೆ ಎಳೆಯುವಂತಿಲ್ಲ.

ತಮ್ಮ ವೀಸಾ ಅಥವಾ ಗ್ರೀನ್ ಕಾರ್ಡಿನ ಮೇಲಿದ್ದರೆ ವಲಸೆ ವಕೀಲರನ್ನೂ ಶಿಕ್ಷೆಗೆ ಮುಂಚೆಯೇ ಕಾಣಿ. ಅಪೀಲು ಬಾಕಿಯಿದೆ ಎಂದ ಮಾತ್ರಕ್ಕೆ ಗಡೀಪಾರಿನ ಕ್ರಮ ನಿಲ್ಲುತ್ತದೆಂದು ನೆಚ್ಚಿಕೊಳ್ಳಬೇಡಿ.