ನಾಯಕ್ ಕೇಡರ್‌ಗೆ ಹೋಗಲೋ, 15 ವರ್ಷಕ್ಕೆ ಪಿಂಚಣಿ ಹಿಡಿದು ಊರಿಗೆ ಬರಲೋ?

ತಮ್ಮಾ, ಗುರುತು ಪರಿಚಯ ಇಲ್ಲದಿದ್ದರೂ ಹಾಗೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. 25 ವಯಸ್ಸು, ಆರು ವರ್ಷ ಸರ್ವಿಸ್, ಪಿಯುಸಿ ಪಾಸು, ನಾಯಕ್ ಕೇಡರ್‌ಗೆ, ಅಂದರೆ ಸಿಪಾಯಿಯಿಂದ ನಾಯಕ್ ಆಗುವ ಬಡ್ತಿ ತರಬೇತಿಗೆ, ಹೆಸರು ಬಂದಿದೆ. ಜವಾಬ್ದಾರಿ ಜಾಸ್ತಿ, ಸಂಬಳ ಅಷ್ಟಕ್ಕಷ್ಟೆ, 'ಅನ್‌ವಿಲ್ಲಿಂಗ್' ಅಂತ ಬರೆದುಕೊಟ್ಟುಬಿಡಲಾ ಅಂತ ಕೇಳಿದ್ದೀಯ. ಆ ಕಾಗದಕ್ಕೆ ಒಮ್ಮೆ ಸಹಿ ಹಾಕಿದವನು ನಾನು. ಅದಕ್ಕೇ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ನಾನು ಹಾಸನ ಜಿಲ್ಲೆಯವನು. 1996ರಲ್ಲಿ ಭರ್ತಿಯಾದೆ, ಇನ್‌ಫೆಂಟ್ರಿ. ಪಲ್ಟನ್ ಹೆಸರು ಬೇಡ. 2004ರಲ್ಲಿ ನಾಯಕ್, 2009ರಲ್ಲಿ ಹವಾಲ್ದಾರ್. ಅಲ್ಲಿವರೆಗೆ ಎಲ್ಲ ಸರಿಯಾಗೇ ಇತ್ತು. 2014ರಲ್ಲಿ ನಾಯಬ್ ಸುಬೇದಾರ್ ಕೇಡರ್‌ಗೆ ಹೆಸರು ಬಂತು. ಅದೇ ವರ್ಷ ಊರಲ್ಲಿ ಮನೆ ಕಟ್ಟಿಸುತ್ತಿದ್ದೆ. ಗೋಡೆ ಎದ್ದಿತ್ತು, ಮೋಲ್ಡ್ ಹಾಕುವುದು ಬಾಕಿ. ಮಳೆ ಹಿಡಿಯುವ ಮುಂಚೆ ಬಾ ಅಂತ ಅಪ್ಪ ದಿನಾ ಫೋನ್ ಮಾಡುತ್ತಿದ್ದರು. ಬೇರೆ ಕಡೆ ಕೆಲಸ ಒಪ್ಪಿಕೊಳ್ಳುತ್ತೇನೆ ಅಂತ ಮೇಸ್ತ್ರಿ ಹೆದರಿಸುತ್ತಿದ್ದ. ಕೇಡರ್ ತಾರೀಖು, ನನ್ನ ರಜೆ ತಾರೀಖು ಎರಡೂ ಒಂದರ ಮೇಲೊಂದು ಬಿದ್ದವು. ಕಂಪನಿ ಕ್ಲರ್ಕ್ ಒಂದು ಹಾಳೆ ಮುಂದಿಟ್ಟ. ಕೇಡರ್‌ಗೆ ಹೋಗಲು ನನಗೆ ಇಷ್ಟವಿಲ್ಲ, ಮುಂದೆ ಸೀನಿಯಾರಿಟಿ ಅಂತ ತಕರಾರು ಮಾಡುವುದಿಲ್ಲ ಅನ್ನುವ ಅರ್ಥದ ಎರಡು ಸಾಲು, ಇಂಗ್ಲಿಷ್‌ನಲ್ಲಿ. ನಿಂತುಕೊಂಡೇ ಸಹಿ ಹಾಕಿದೆ. ಕೈಯಲ್ಲಿ ಚಹಾ ಮಗ್ ಇತ್ತು, ಅದನ್ನೂ ಕೆಳಗಿಡಲಿಲ್ಲ.

ತಪ್ಪು ಎಲ್ಲಿ ಆಯಿತು ಅಂತ ಬಿಡಿಸಿ ಹೇಳುತ್ತೇನೆ. ಜನ ಕೇಳಿದರೆ ಹನ್ನೊಂದು ವರ್ಷದಿಂದ ನಾನು ಮನೆಯ ಕಥೆಯನ್ನೇ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ಸತ್ಯ.

ಆ ಎರಡು ಸಾಲನ್ನು ನಾನು ಪೂರ್ತಿ ಓದಲಿಲ್ಲ. ಈ ಸಲ ಬೇಡ, ಮುಂದಿನ ಬ್ಯಾಚ್‌ಗೆ ಹೋಗುತ್ತೇನೆ ಅಂತ ಬರೆದುಕೊಟ್ಟ ಹಾಗೆ ಅಂದುಕೊಂಡೆ. ಅದು ಹಾಗಲ್ಲ. 'ಈಗ ಆಗಲ್ಲ' ಅನ್ನುವುದು ಬೇರೆ, 'ಇಷ್ಟವಿಲ್ಲ' ಅನ್ನುವುದು ಬೇರೆ. ಇನ್ನು, ಯಾರನ್ನೂ ಕೇಳಲಿಲ್ಲ. ನಮ್ಮ ಸೀನಿಯರ್ ಸಾಬ್ (ನಾಯಬ್ ಸುಬೇದಾರ್, ಸುಬೇದಾರ್‌ಗಳನ್ನು ಹಾಗೆ ಕರೆಯುತ್ತೇವೆ) ಹತ್ತಿರ ಹೋಗಿ, ಸಾಬ್, ಮನೆಯಲ್ಲಿ ಹೀಗಿದೆ, ಹತ್ತು ದಿನ ಮೊದಲೇ ರಜೆ ಕೊಟ್ಟುಬಿಡಿ, ಮೋಲ್ಡ್ ಹಾಕಿಸಿ ಬಂದು ಕೇಡರ್ ಮಾಡುತ್ತೇನೆ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆರು ತಿಂಗಳಾದ ಮೇಲೆ ಅವರೇ ನನ್ನನ್ನು ಬೈದರು. ಕ್ಲರ್ಕ್‌ಗೆ ಹೇಳುವ ಬದಲು ನನಗೆ ಹೇಳಬೇಕಿತ್ತು, ನೀನೇನು ನಿನ್ನೆ ಬಂದ ರಂಗ್ರೂಟಾ ಅಂತ.

ಉಳಿದ ಅರ್ಧ ಸತ್ಯ ಇದು. ನನಗೆ ಮ್ಯಾಪ್ ರೀಡಿಂಗ್ ಅಂದರೆ ಭಯ. ಸಿಕ್ಸ್ ಫಿಗರ್ ಗ್ರಿಡ್ ರೆಫರೆನ್ಸ್ ತೆಗೆಯುತ್ತಿದ್ದೆ, ಕಂಪಾಸ್ ಹಿಡಿದು ಬೇರಿಂಗ್ ನೋಡುತ್ತಿದ್ದೆ. ಆದರೆ ಮ್ಯಾಗ್ನೆಟಿಕ್ ಬೇರಿಂಗನ್ನು ಗ್ರಿಡ್ ಬೇರಿಂಗ್‌ಗೆ ತಿರುಗಿಸುವಾಗ ಕೂಡಬೇಕೋ ಕಳೆಯಬೇಕೋ ಅನ್ನುವುದು ಯಾವತ್ತೂ ತಲೆಗೆ ಹತ್ತಲಿಲ್ಲ. ಹವಾಲ್ದಾರ್ ಆಗಿ ಐದು ವರ್ಷ, ಎದೆ ಮುಂದೆ ಮಾಡಿಕೊಂಡು ಓಡಾಡುತ್ತಿದ್ದವನು. ಕ್ಲಾಸಿನಲ್ಲಿ ಜೂನಿಯರ್‌ಗಳ ಎದುರು ಬ್ಲ್ಯಾಕ್‌ಬೋರ್ಡ್ ಮುಂದೆ ಪೆಚ್ಚಾಗಿ ನಿಲ್ಲಬೇಕಾಗುತ್ತದಲ್ಲ ಅನ್ನುವ ಅಂಜಿಕೆ. ಮನೆ ಕೆಲಸ ಬಂದದ್ದು ಒಳಗೊಳಗೇ ಖುಷಿಯೇ ಆಗಿತ್ತು. ನೆಪ ಸಿಕ್ಕಿತ್ತು.

ಕಳೆದ ವರ್ಷ ಮಗಳ ಜೊತೆ ಕೂತು ಅದನ್ನು ಕಲಿತೆ. ಒಂದು ಮಧ್ಯಾಹ್ನ ಸಾಕಾಯಿತು. ಆ ಮೋಲ್ಡ್ ಈಗ ಅಡುಗೆಮನೆ ಮೂಲೆಯಲ್ಲಿ ಸೋರುತ್ತದೆ, ಅದು ಬೇರೆ ಮಾತು.

ಆಮೇಲೇನಾಯಿತು ಅಂದರೆ, ಸರ್ವಿಸ್‌ನಲ್ಲಿ ನನಗಿಂತ ಎರಡು ವರ್ಷ ಹಿಂದೆ ಇದ್ದವನು ನಾಯಬ್ ಸುಬೇದಾರ್ ಆಗಿ ಭುಜದ ಮೇಲೆ ನಕ್ಷತ್ರ ಹಾಕಿಕೊಂಡ. ನನ್ನ ಸೆಕ್ಷನ್‌ನಲ್ಲೇ ಸಿಪಾಯಿಯಾಗಿದ್ದ ಹುಡುಗ. ಎಲ್‌ಎಂಜಿ (ಲೈಟ್ ಮೆಷಿನ್ ಗನ್) ಬಿಚ್ಚಿ ಜೋಡಿಸುವುದನ್ನು ನಾನೇ ಕಲಿಸಿದ್ದೆ. ಅವನಿಗೆ ಸಾವಧಾನ್ ನಿಂತು 'ಜೈ ಹಿಂದ್ ಸಾಬ್' ಅಂದೆ. ಅವನು ಒಳ್ಳೆಯವನು, ಕಣ್ಣು ತಪ್ಪಿಸಿದ. ಹವಾಲ್ದಾರ್‌ಗೆ 24 ವರ್ಷ ಸರ್ವಿಸ್, ಎಕ್ಸ್‌ಟೆನ್ಷನ್ ಸಿಕ್ಕರೆ ಇನ್ನೆರಡು. ನಾನು ಎಕ್ಸ್‌ಟೆನ್ಷನ್ ಕೇಳಲಿಲ್ಲ, 2020ರಲ್ಲಿ ಬಂದುಬಿಟ್ಟೆ. ನಾಯಬ್ ಸುಬೇದಾರ್‌ಗೆ 26 ಮತ್ತು 2, ಸುಬೇದಾರ್‌ಗೆ 28 ಮತ್ತು 2. ಆ ಹುಡುಗ ಸುಬೇದಾರ್ ಆಗಿ ಇನ್ನೂ ಸರ್ವಿಸ್‌ನಲ್ಲಿದ್ದಾನೆ. ನಾನು ಹಾಸನದಲ್ಲಿ ಒಂದು ಬ್ಯಾಂಕಿನ ಬಾಗಿಲಲ್ಲಿ ಡಬಲ್ ಬ್ಯಾರೆಲ್ ಹಿಡಿದು ನಿಂತಿದ್ದೇನೆ. ಕೆಲಸದ ಬಗ್ಗೆ ನಾಚಿಕೆ ಇಲ್ಲ. ಆದರೆ ಆ ಚಹಾ ಮಗ್ ನೆನಪಾಗುತ್ತದೆ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ಸಂಬಳ ಸ್ವಲ್ಪವೇ ಹೆಚ್ಚು ಅಂದಿದ್ದೀಯ. ಅಷ್ಟೂ ಹೆಚ್ಚಲ್ಲ ಅಂತ ನಾನು ಹೇಳುತ್ತೇನೆ. ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ಸಿಪಾಯಿ ಶುರುವಾಗುವುದು 21,700ಕ್ಕೆ, ನಾಯಕ್ 25,500ಕ್ಕೆ, ಹವಾಲ್ದಾರ್ 29,200ಕ್ಕೆ, ನಾಯಬ್ ಸುಬೇದಾರ್ 35,400ಕ್ಕೆ. ಮಿಲಿಟರಿ ಸರ್ವಿಸ್ ಪೇ ಸಿಪಾಯಿಗೂ ಸುಬೇದಾರ್ ಮೇಜರ್‌ಗೂ ಒಂದೇ, 5,200. ಅದರ ಮೇಲೆ ಎಂಎಸಿಪಿ ಇದೆ. ಬಡ್ತಿ ಸಿಗದಿದ್ದರೂ 8, 16, 24 ವರ್ಷಕ್ಕೆ ಸಂಬಳದ ಮೆಟ್ಟಿಲು ಏರುತ್ತದೆ. ಅಂದರೆ ಇನ್ನೆರಡು ವರ್ಷ ಸುಮ್ನೆ ಕೂತರೂ ನಾಯಕ್ ಮೆಟ್ಟಿಲಿನ ಸಂಬಳ ಬಂದೇ ಬರುತ್ತದೆ ಅಂತ ಅನ್ನಿಸಬಹುದು. ಬ್ಯಾರಕ್‌ನಲ್ಲಿ ಇದನ್ನೇ ದೊಡ್ಡ ಬುದ್ಧಿವಂತಿಕೆ ಅಂತ ಹೇಳಿಕೊಡುವವರು ಇರುತ್ತಾರೆ. ತೋಳಿನ ಮೇಲೆ ಸ್ಟ್ರೈಪ್ (ರ‍್ಯಾಂಕ್ ಪಟ್ಟಿ) ಯಾಕೆ, ತಲೆನೋವು ಯಾಕೆ ಅಂತ. ಆ ಲೆಕ್ಕ ನಂಬಬೇಡ, ಬಡ್ತಿ ಬೇಡ ಅಂತ ಬರೆದುಕೊಟ್ಟವನಿಗೆ ಎಂಎಸಿಪಿಯೂ ಸಿಗುವುದಿಲ್ಲ. ಅಲ್ಲದೆ ಸ್ಟ್ರೈಪ್ ಅನ್ನು ಸಂಬಳಕ್ಕೆ ಅಂತ ಅಳೆಯುವುದೇ ತಪ್ಪು. ನಾಯಕ್ ಆಗದವನು ಹವಾಲ್ದಾರ್ ಆಗುವುದಿಲ್ಲ, ಹವಾಲ್ದಾರ್ ಆಗದವನು ಸಾಬ್ ಆಗುವುದಿಲ್ಲ. ಸರ್ವಿಸ್ ಎಷ್ಟು ವರ್ಷ ಅನ್ನುವುದು ರ‍್ಯಾಂಕ್ ಮೇಲೆ ನಿಂತಿದೆ. ನೀನು ಹತ್ತೊಂಬತ್ತಕ್ಕೆ ಸೇರಿದವನು, 15 ವರ್ಷಕ್ಕೆ ಬಂದರೆ ನಿನಗೆ 34. ಮಗು ಒಂದನೇ ಕ್ಲಾಸಿನಲ್ಲಿರುತ್ತದೆ. ಕಾಲೇಜು ಫೀಸ್ ಕಟ್ಟುವ ವರ್ಷಗಳೆಲ್ಲ ಸಿಪಾಯಿ ಪಿಂಚಣಿಯ ಮೇಲೆ.

ಜವಾಬ್ದಾರಿ ವಿಷಯ. ಅದು ಸ್ಟ್ರೈಪ್ ಜೊತೆ ಬರುತ್ತದೆ, ಸ್ಟ್ರೈಪ್ ಬೇಡ ಅಂದರೆ ಅದೂ ಬರಲ್ಲ ಅಂದುಕೊಂಡಿದ್ದೀಯಲ್ಲ, ಹಾಗಿಲ್ಲ. ಹತ್ತು ವರ್ಷ ಸರ್ವಿಸ್ ಆದ ಸಿಪಾಯಿಯನ್ನು ಹೊಸ ಹುಡುಗರು ಹೇಗೂ ಬಂದು ಕೇಳುತ್ತಾರೆ. ಉತ್ತರ ನಿನ್ನ ಹತ್ತಿರ ಇರುತ್ತದೆ, ನಿರ್ಧಾರ ಮಾತ್ರ ನಿನಗಿಂತ ನಾಲ್ಕು ವರ್ಷ ಚಿಕ್ಕವನ ಕೈಯಲ್ಲಿ.

ಸೆಕ್ಷನ್ ಕಮಾಂಡರ್ ಅಂದರೆ ಏನು ಅಂತ ಕಾಗದದ ಮೇಲೆ ನಿನಗೂ ಗೊತ್ತು. ಹತ್ತು ಜನ, ಒಂದು ರೈಫಲ್ ಗ್ರೂಪ್, ಒಂದು ಎಲ್‌ಎಂಜಿ ಗ್ರೂಪ್. ಬೆಳಗಾವಿಯ ಜೂನಿಯರ್ ಲೀಡರ್ಸ್ ವಿಂಗ್‌ನಲ್ಲಿ ಉಸ್ತಾದ್‌ಗಳು ನನಗೂ ಸ್ಯಾಂಡ್ ಮಾಡೆಲ್ ಮುಂದೆ ಕೂರಿಸಿ ಆರ್ಡರ್ ಕೊಡುವುದನ್ನು ಕಲಿಸಿದರು. ಚೆನ್ನಾಗಿ ಕಲಿಸಿದರು. ಆದರೆ ಆ ಕೆಲಸ ನನಗೆ ಅರ್ಥವಾದದ್ದು 2011ರ ಚಳಿಗಾಲದಲ್ಲಿ, ಕಾಶ್ಮೀರದ ಎಲ್‌ಒಸಿ ಮೇಲಿನ ಒಂದು ಪೋಸ್ಟ್‌ನಲ್ಲಿ. ಹತ್ತಿರದ ಆಫೀಸರ್ ಅಂದರೆ ಕೆಳಗೆ ಕಂಪನಿ ಹೆಡ್‌ಕ್ವಾರ್ಟರ್ಸ್‌ನಲ್ಲಿ, ಹಿಮದಲ್ಲಿ ನಾಲ್ಕು ಗಂಟೆ ನಡಿಗೆ. ಮೇಲೆ ನಾನು ಮತ್ತು ಒಂಬತ್ತು ಜನ.

ದಿನಾ ಸಂಜೆ ಬುಖಾರಿ (ಬಂಕರ್ ಬೆಚ್ಚಗಿಡುವ ಒಲೆ) ಪಕ್ಕ ಎಲ್ಲರ ಸಾಕ್ಸ್ ಬಿಚ್ಚಿಸುತ್ತಿದ್ದೆ. ಬೆರಳು ಬೆರಳು ಮುಟ್ಟಿ ನೋಡುವುದು. ಹುಡುಗರು ತಮಾಷೆ ಮಾಡುತ್ತಿದ್ದರು, ಉಸ್ತಾದ್ ಹೆಣ್ಣು ನೋಡೋಕೆ ಬಂದ ಹಾಗೆ ಕಾಲು ನೋಡುತ್ತಾರೆ ಅಂತ. ಅದರಲ್ಲಿ ಒಬ್ಬ ಎರಡು ದಿನದಿಂದ ಕೊನೆಗೇ ಬಿಚ್ಚುತ್ತಿದ್ದ. ಮೂರನೇ ದಿನ ಲಾಟೀನಿಗೆ ಬೆನ್ನು ಹಾಕಿ ಕೂತ. ಎಬ್ಬಿಸಿ ಬೆಳಕಿಗೆ ಕರೆದು ನೋಡಿದರೆ ಎಡಗಾಲಿನ ಎರಡು ಬೆರಳು ಮೇಣದ ಹಾಗೆ ಬೆಳ್ಳಗಾಗಿವೆ. ಚಿವುಟಿದರೆ ಗೊತ್ತಾಗುತ್ತಿಲ್ಲ. ಯಾಕೋ ಹೇಳಲಿಲ್ಲ ಅಂದೆ. ಹನ್ನೊಂದು ದಿನಕ್ಕೆ ಅವನಿಗೆ ರಜೆ ಇತ್ತು. ತಂಗಿ ಮದುವೆ. ಆಸ್ಪತ್ರೆಗೆ ಹಾಕಿದರೆ ರಜೆ ಹೋಗುತ್ತದೆ ಅಂತ ಮುಚ್ಚಿಟ್ಟಿದ್ದ. ಒಬ್ಬ ಉಜ್ಜೋಕೆ ಕೈ ಹಾಕಿದ, ತಡೆದೆ. ಉಜ್ಜಬಾರದು, ಬೆಂಕಿಗೂ ಹಿಡಿಯಬಾರದು, ಉಗುರು ಬೆಚ್ಚಗಿನ ನೀರು. ಆಮೇಲೆ ಮತ್ತೆ ಹೆಪ್ಪುಗಟ್ಟೋಕೆ ಬಿಡಬಾರದು. ಬೆಳಗ್ಗೆ ಅವನನ್ನು ಹೊತ್ತು ಇಳಿಸಿದೆವು. ಬೆರಳು ಉಳಿದವು. ಮದುವೆಗೆ ಹೋಗಲಾಗಲಿಲ್ಲ, ಒಂದು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇದು ಕೋರ್ಸಿನ ಯಾವ ಟಿಪ್ಪಣಿಯಲ್ಲೂ ಬರೆದಿರುವುದಿಲ್ಲ. ಕರ್ನಲ್ ಸಾಹೇಬರಿಗೆ ಬೆಟಾಲಿಯನ್ ಕಾಣುತ್ತದೆ, ಮೇಜರ್ ಸಾಹೇಬರಿಗೆ ಕಂಪನಿ ಕಾಣುತ್ತದೆ, ಯಾರು ಲಾಟೀನಿಗೆ ಬೆನ್ನು ಹಾಕಿ ಕೂತ ಅನ್ನುವುದು ಕಾಣುವುದು ನಾಯಕ್‌ಗೆ, ಹವಾಲ್ದಾರ್‌ಗೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಪೋಸ್ಟ್ ಮೇಲೆ ಹಿಮ ಕುಸಿಯಿತಲ್ಲ, ಆರು ದಿನ ಆದ ಮೇಲೂ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಿದ್ದರು, 11ರಂದು ದೆಹಲಿಯಲ್ಲಿ ತೀರಿಹೋದರು. ಆ ಹಿಮದಡಿ ಸಿಕ್ಕಿದ ಹತ್ತು ಜನರಲ್ಲಿ ಆಫೀಸರ್ ಒಬ್ಬರೂ ಇರಲಿಲ್ಲ. ಎಲ್ಲರಿಗಿಂತ ಮೇಲಿನವರು ಅಂದರೆ ನಮ್ಮ ಹಾಸನ ಕಡೆಯ ಸುಬೇದಾರ್ ನಾಗೇಶ್. 19,000 ಅಡಿ ಮೇಲೆ ಅವರೇ ಸರ್ಕಾರ. ಸುದ್ದಿ ಬಂದ ದಿನ ನಾನು ಹವಾಲ್ದಾರ್ ಆಗಿ ಪೀಸ್ ಸ್ಟೇಷನ್‌ನಲ್ಲಿ ರೇಷನ್ ಲೆಕ್ಕ ಬರೆಯುತ್ತಿದ್ದೆ. ಆ ದಿನ ಊಟ ಸೇರಲಿಲ್ಲ.

ನಿನ್ನ ಕೈಕೆಳಗೆ ಈಗ ಬರುವವರು ಅಗ್ನಿವೀರರು. ನಾಲ್ಕು ವರ್ಷ, ಆಮೇಲೆ ಕಾಯಂ ಆಗುವುದು 25 ಪರ್ಸೆಂಟ್‌ವರೆಗೆ ಮಾತ್ರ. ಒಂದೇ ಸೆಕ್ಷನ್‌ನಲ್ಲಿ ಪಕ್ಕಪಕ್ಕ ಮಲಗುವ ಹುಡುಗರು ಒಬ್ಬರಿಗೊಬ್ಬರು ಪೈಪೋಟಿ. ನಮ್ಮ ಕಾಲದಲ್ಲಿ ಈ ತಲೆಬಿಸಿ ಇರಲಿಲ್ಲ. ಅವರ ನಡುವೆ ದೋಸ್ತಿ ಕೆಡದ ಹಾಗೆ ನೋಡಿಕೊಳ್ಳುವುದು ದೆಹಲಿಯ ಕೆಲಸ ಅಲ್ಲ, ನಾಯಕ್ ಕೆಲಸ. ಹುಕುಂ ಚಲಾಯಿಸುವ ಆಸೆಗೆ ಸ್ಟ್ರೈಪ್ ಬೇಕು ಅನ್ನುವವನಾದರೆ ನೀನು ಹೋಗಬೇಡ ಅಂತಲೇ ಹೇಳುತ್ತಿದ್ದೆ. ಜವಾಬ್ದಾರಿ ನೆನೆಸಿಕೊಂಡು ಹೆದರಿದ್ದೀಯಲ್ಲ, ಹಾಗಾಗಿ ಹೋಗು ಅನ್ನುತ್ತಿದ್ದೇನೆ.

ಇನ್ನೊಂದು. ನೀನು ಕೇಳಿದ ಪ್ರಶ್ನೆಯೇ ಸಣ್ಣದಾಯಿತು. 25 ವಯಸ್ಸು, ಪಿಯುಸಿ ಆಗಿದೆ, ಎರಡು ವರ್ಷಕ್ಕಿಂತ ಜಾಸ್ತಿ ಸರ್ವಿಸ್ ಇದೆ. ಎಸಿಸಿ ಹೆಸರು ಕೇಳಿದ್ದೀಯಾ? ಡೆಹ್ರಾಡೂನ್‌ನ ಆರ್ಮಿ ಕೆಡೆಟ್ ಕಾಲೇಜು. 20ರಿಂದ 27 ವಯಸ್ಸಿನ ಸಿಪಾಯಿಗಳಿಗೆ ಅಂತಲೇ ಇರುವ ದಾರಿ. ಲಿಖಿತ ಪರೀಕ್ಷೆ, ಆಮೇಲೆ ಎಸ್‌ಎಸ್‌ಬಿ, ಅಂದರೆ ಆಫೀಸರ್‌ಗಳನ್ನು ಆರಿಸುವ ಮಂಡಳಿಯ ಸಂದರ್ಶನ. ಪಾಸಾದರೆ ಮೂರು ವರ್ಷ ಅಲ್ಲಿ ಓದು, ಡಿಗ್ರಿ ಸಿಗುತ್ತದೆ, ನಂತರ ಒಂದು ವರ್ಷ ಐಎಂಎ, ಅಂದರೆ ಇಂಡಿಯನ್ ಮಿಲಿಟರಿ ಅಕಾಡೆಮಿ. ಹೊರಗೆ ಬರುವಾಗ ಲೆಫ್ಟಿನೆಂಟ್, ಮೂಲ ವೇತನ 56,100. ನಮ್ಮ ಕಡೆ ಹುಡುಗರು ಇಂಗ್ಲಿಷ್‌ಗೆ ಹೆದರಿ ಫಾರ್ಮ್ ತುಂಬುವುದೇ ಇಲ್ಲ. ನಾನೂ ತುಂಬಲಿಲ್ಲ, ನನ್ನ ಭಯದ ಪಟ್ಟಿ ಉದ್ದ ಇದೆ ಬಿಡು. ಕೇಡರ್ ಬಿಟ್ಟು ಎಸಿಸಿ ಅಂತ ಅಲ್ಲ, ಎರಡೂ. ಕೇಡರ್ ಮಾಡಿದವನನ್ನು ಕಂಪನಿ ಕಮಾಂಡರ್ ಬೇರೆ ಕಣ್ಣಿನಿಂದ ನೋಡುತ್ತಾರೆ.

ಊರಿಗೆ ಬಂದ ಮೇಲಿನ ಬದುಕಿನ ಬಗ್ಗೆಯೂ ಕೇಳಿದ್ದೀಯ. ಕ್ಯಾಂಟೀನ್ ಕಾರ್ಡ್ ಇರುತ್ತದೆ, ಚಿಕಿತ್ಸೆಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇರುತ್ತದೆ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ 10 ಪರ್ಸೆಂಟ್ ಇದೆ. ಪರೀಕ್ಷೆ ಬರೆಯಬೇಕು, ಸುಮ್ನೆ ಕರೆದು ಕೊಡುವುದಿಲ್ಲ. ನಾನು ಎರಡು ಬರೆದೆ, ಎರಡೂ ಹೋದವು. ಮಾಜಿ ಸೈನಿಕರನ್ನು ಮತ್ತೆ ಕಾವಲಿಗೆ ತೆಗೆದುಕೊಳ್ಳುವ ಡಿಎಸ್‌ಸಿಗೆ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಹೋಗು ಅಂದರು, ಮತ್ತೆ ಸಿಪಾಯಿಯಿಂದ ಶುರು ಮಾಡಲು ಮನಸ್ಸಾಗಲಿಲ್ಲ. ಇದರ ಬಗ್ಗೆ ಜಾಸ್ತಿ ಹೇಳುವುದಕ್ಕೆ ಏನೂ ಇಲ್ಲ, ನಿನಗೆ ಇನ್ನೂ ಟೈಮ್ ಇದೆ.

ನಾಳೆ ಬೆಳಗ್ಗೆ ಪಿಟಿ ಮುಗಿದ ಮೇಲೆ ಕ್ಲರ್ಕ್ ಹತ್ತಿರ ಹೋಗಬೇಡ. ನಿಮ್ಮ ಪ್ಲಟೂನ್ ಸಾಬ್ ಹತ್ತಿರ ಹೋಗು. ಮನೆ ಕಷ್ಟ ಏನಾದರೂ ಇದ್ದರೆ ಅದನ್ನೇ ಹೇಳು. ಭಯ ಇದ್ದರೆ ಭಯ ಅಂತಲೇ ಹೇಳು. ಮತ್ತೆ ಇಲ್ಲೇ ಕೆಳಗೆ ನಿನ್ನ ಹುಟ್ಟಿದ ತಿಂಗಳು, ವರ್ಷ ಬರೆ. 27 ತುಂಬುವುದಕ್ಕೆ ಎಷ್ಟು ತಿಂಗಳಿದೆ ಅಂತ ಮೊದಲು ಲೆಕ್ಕ ಹಾಕೋಣ.