ಒಂದೇ ವರ್ಷ, ಇಬ್ಬರು ಚಾಂಪಿಯನ್ನರು!

ಪ್ರಶ್ನೆ: 2001ರಲ್ಲಿ ಯುರೋಪಿನ ಕ್ಲಬ್ ಬಾಸ್ಕೆಟ್‌ಬಾಲ್‌ಗೆ ಇಬ್ಬರು ಚಾಂಪಿಯನ್ನರು ಅಂತ ಓದಿದೆ. ಅಚ್ಚಿನ ತಪ್ಪು ಅಲ್ವಾ?

ಉತ್ತರ: ತಪ್ಪಲ್ಲ, ಜಗಳ! ದೊಡ್ಡ ಕ್ಲಬ್‌ಗಳು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ ಫೀಬಾ ಜೊತೆ ಮುನಿಸಿಕೊಂಡು ಬೇರೆ ಲೀಗ್ ಶುರು ಮಾಡಿದವು. ಫೀಬಾ ತನ್ನ ಟೂರ್ನಿಯ 'ಯುರೋಲೀಗ್' ಹೆಸರನ್ನು ನೋಂದಾಯಿಸಿಯೇ ಇರಲಿಲ್ಲವಂತೆ, ಹಾಗಾಗಿ ಆ ಹೆಸರೂ ಹೊಸಬರ ಪಾಲಾಗಿ, ಫೀಬಾ ತನ್ನ ಟೂರ್ನಿಯನ್ನು 'ಸುಪ್ರೊಲೀಗ್' ಅಂತ ಕರೆಯಬೇಕಾಯಿತು. ಎಂಥ ಎಡವಟ್ಟು ನೋಡಿ. ಸುಪ್ರೊಲೀಗ್ ಫೈನಲ್‌ನಲ್ಲಿ ಇಸ್ರೇಲಿನ ಮಕಾಬಿ ಟೆಲ್ ಅವೀವ್ 81-67ರಿಂದ ಗ್ರೀಸಿನ ಪನಥಿನೈಕೋಸ್ ತಂಡವನ್ನು ಸೋಲಿಸಿತು. ಅತ್ತ ಯುರೋಲೀಗ್‌ನಲ್ಲಿ ಐದು ಪಂದ್ಯಗಳ ಫೈನಲ್, ಅದು ಜಾಸ್ತಿ ರೋಚಕ. ಅರ್ಜೆಂಟೀನಾದ ಆಟಗಾರ ಮನು ಜಿನೋಬಿಲಿ ಇದ್ದ ಇಟಲಿಯ ಕಿಂಡರ್ ಬೊಲೊನ್ಯಾ, ಸ್ಪೇನಿನ ಟಾವ್ ಸೆರಾಮಿಕಾವನ್ನು 3-2ರಿಂದ ಮಣಿಸಿತು. ಮುಂದಿನ ಸೀಸನ್‌ಗೆ ಎರಡೂ ಒಂದಾದವು. 2002ರ ಫೈನಲ್ ಬೊಲೊನ್ಯಾದಲ್ಲೇ ನಡೆಯಿತು, ಗೆದ್ದದ್ದು ಮಾತ್ರ ಪನಥಿನೈಕೋಸ್, ಅದೂ ಕಿಂಡರ್ ಎದುರೇ!