ಗಾಳಿಯನ್ನು ಯಾಕೆ ಬೈಯುತ್ತೀರಿ, ಮಾಸ್ತರೇ?

ಸೇಡಂ ತಾಲ್ಲೂಕಿನ ಶಿಕ್ಷಕರೊಬ್ಬರ ಪತ್ರ: ‘ಯಾರೋ ಪಕ್ಷ ಬಿಟ್ಟು ಪಕ್ಷ ಸೇರಿದರೆ ಸಾಕು, “ಗಾಳಿ ಬಂದಾಗ ತೂರಿಕೊಂಡರು” ಅನ್ನುತ್ತಾರೆ. ಇಂಥ ಸಮಯಸಾಧಕರ ಗಾದೆಯನ್ನು ಮಕ್ಕಳಿಗೆ ಯಾಕೆ ಕಲಿಸಬೇಕು? ಅದು ಹುಟ್ಟಿದ್ದಾದರೂ ಎಲ್ಲಿ?’

ಉತ್ತರ: ಗಾದೆಗೆ ಈಗ ಆ ಅರ್ಥವೂ ಅಂಟಿಕೊಂಡಿದೆ, ಒಪ್ಪೋಣ. ಆದರೆ ತೊಗರಿಯ ಕಣಜದಲ್ಲಿ ಕೂತು ನೀವು ಹೀಗೆ ಕೇಳಬಾರದಿತ್ತು, ಮಾಸ್ತರೇ. ಅದು ಕಾಳು ತೂರಿ ಹೊಟ್ಟು ಬೇರೆ ಮಾಡುವ ರಾಶಿ ಕಣದ ಮಾತು. ಅಲ್ಲಿ ಗಾಳಿ ಬರುವಷ್ಟರಲ್ಲಿ ಮುಕ್ಕಾಲು ಕೆಲಸ ಮುಗಿದಿರಬೇಕು.

ನಮ್ಮ ಎರೆ, ಅಂದರೆ ಕಪ್ಪು ಮಣ್ಣು, ಬಿರುಕು ಬಿಡುವ ನೆಲ. ಗಿಡದ ಮರೆಯಿಲ್ಲದ ದಿಬ್ಬ ನೋಡಿ, ಕೆತ್ತಿ, ನೀರು ಹೊಡೆದು, ತುಳಿದು, ಸೆಗಣಿ ಸಾರಿಸದಿದ್ದರೆ ಕಾಳೆಲ್ಲ ಬಿರುಕಿನ ಪಾಲು. ತೊಗರಿ ಸಿವುಡು ಗಲಗಲ ಅನ್ನುವ ತನಕ ಒಣಗಿಸಿ ಬಡಿಯಬೇಕು. ಇಬ್ಬನಿ ಕುಡಿದ ಹೊಟ್ಟು ಕಾಳಿನ ಜೊತೆಗೇ ಬೀಳುವುದರಿಂದ ಬಿಸಿಲೇರುವ ಮುನ್ನ ಎಂಥ ಗಾಳಿ ಬಂದರೂ ತೂರುವಂತಿಲ್ಲ! ಗಾಳಿ ಪಕ್ಕದಿಂದ ಹಾಯುವಂತೆ ಎತ್ತರದಲ್ಲಿ ನಿಂತು, ಮೊರವನ್ನು ತಲೆಮಟ್ಟಕ್ಕೆ ಹಿಡಿದು, ಅಲುಗಿಸುತ್ತ ಸಣ್ಣ ಧಾರೆ ಬಿಡಬೇಕು. ಗಟ್ಟಿ ಕಾಳು ಬುಡಕ್ಕೆ, ಜೊಳ್ಳು ಸ್ವಲ್ಪ ಆಚೆ, ಹೊಟ್ಟು ಇನ್ನೂ ದೂರ. ಒಮ್ಮೆಗೇ ಸುರುವಿದರೆ ಹೊಟ್ಟು ಕಾಳಿನ ನಡುವೆ ಸಿಕ್ಕಿಬೀಳುತ್ತದೆ. ಸುಳಿಗಾಳಿ ಎದ್ದರೆ ಹಾರಿದ್ದೆಲ್ಲ ರಾಶಿಯ ಮೇಲೇ ವಾಪಸು. ಆಗ ಮೊರ ಇಳಿಸಿ ಸುಮ್ಮನೆ ಕಾಯುವುದೂ ಕಸುಬೇ. ಇದರಲ್ಲಿ ಪಕ್ಷಾಂತರಿ ಯಾವುದನ್ನು ಮಾಡಿದ್ದಾನೆ, ಹೇಳಿ?

ಕಬ್ಬಿಣ ಕಾದಾಗಲೇ ಬಡಿ ಅನ್ನುವ ಮಾತಿಗೆ ಯಾರೂ ಕೊಂಕು ತೆಗೆಯುವುದಿಲ್ಲ. ಆರಿದರೆ ಕಮ್ಮಾರ ತಿದಿ ಒತ್ತಿ ಮತ್ತೆ ಕಾಯಿಸಿಯಾನು. ನಿಂತ ಗಾಳಿಯನ್ನು ರೈತ ಎಲ್ಲಿಂದ ತರಬೇಕು?

2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಬಂತು, ಸಂತೋಷ. ಕಣಗಳು ಮಾತ್ರ ಮಾಯವಾಗಿ ರಾಶಿ ಡಾಂಬರು ರಸ್ತೆಗೆ ಬಂದಿದೆ. ಹೊಟ್ಟನ್ನು ಗಾಳಿ ಒಯ್ಯುತ್ತದೆ, ರಸ್ತೆಯ ಕಾಳಿನ ಗಾತ್ರದ ಹರಳನ್ನು ಯಾವ ಗಾಳಿಯೂ ಒಯ್ಯುವುದಿಲ್ಲ. ಅದು ಅಡುಗೆಮನೆಯಲ್ಲಿ ಹಲ್ಲಿಗೇ ಸಿಗಬೇಕು. ಜೋಳದ ರಾಶಿಯಲ್ಲಿ ಎತ್ತು ತುಳಿಸುತ್ತ ಹಾಡುತ್ತಿದ್ದ ಹಂತಿ ಪದಗಳು ಈಗ ವೇದಿಕೆಯ ಮೇಲೆ, ಸ್ಮರಣಿಕೆ ಕೊಡುವ ಮುಂಚೆ ಐದು ನಿಮಿಷ. ರಾಶಿ ಮಾಡುವ ಮಷೀನು ಬಂದದ್ದಕ್ಕೆ ಬೇಸರವಿಲ್ಲ. ಅದರೊಳಗಿನ ಫ್ಯಾನಿಗೂ ಇದೇ ಲೆಕ್ಕ: ಜೋರಾದರೆ ಕಾಳು ಹೊಲಕ್ಕೆ, ಮೆತ್ತಗಾದರೆ ಹೊಟ್ಟು ಚೀಲಕ್ಕೆ.

ಗಾದೆಯನ್ನು ಪಾಠದಿಂದ ತೆಗೆಯಬೇಡಿ. ಒಂದು ಮೊರ, ಒಂದು ಟೇಬಲ್ ಫ್ಯಾನು, ಹೊಟ್ಟು ಬೆರೆತ ಸೇರು ತೊಗರಿ ತರಗತಿಗೆ ತನ್ನಿ. ಮೊದಲು ಒಣಗಿದ್ದನ್ನು ತೂರಿಸಿ, ಆಮೇಲೆ ನೀರು ಚಿಮುಕಿಸಿ ತೂರಿಸಿ. ಮಕ್ಕಳು ಫ್ಯಾನಿನ ಹಿಂದೆ ನಿಲ್ಲಲಿ, ತೊಗರಿ ಹೊಟ್ಟು ಕಣ್ಣಿಗೆ ಬಿದ್ದರೆ ಕಷ್ಟ. ಫ್ಯಾನಿನ ಮುಖ ಬಾಗಿಲ ಕಡೆಗಿರಲಿ. ಇಲ್ಲದಿದ್ದರೆ ಕಸ ಗುಡಿಸುವವರ ಬೈಗುಳ ಮುಂದಿನ ಸಂಚಿಕೆಯ ಪತ್ರವಾಗಿ ನಮಗೇ ಬರುತ್ತದೆ.